ಡಿಫರೆನ್ಶಿಯಲ್‌ನಿಂದ ಬಂದ ಹಾಲು ಕಾಫಿ

ಮಾರ್ಚ್ ಕೊನೆ. ಹೂಮಳೆ ಬಿದ್ದು ಒಂಬತ್ತನೇ ದಿನ, ತೋಟವೆಲ್ಲ ಬೆಳ್ಳಗೆ. ಅಂಥ ಬೆಳಿಗ್ಗೆ ಮನುಷ್ಯ ಜಗಲಿಯಲ್ಲಿ ಸುಮ್ನೆ ಕೂತು ಕಾಫಿ ಹೂವಿನ ವಾಸನೆ ಎಳೆದುಕೊಳ್ಳಬೇಕು. ನಾನು ಜಿಪ್ಸಿಯ ಅಡಿಯಲ್ಲಿ ಮಲಗಿ, ಎರಡು ಚಕ್ರಕ್ಕೂ ಶಕ್ತಿ ಹಂಚುವ ಹಿಂದಿನ ಡಿಫರೆನ್ಶಿಯಲ್‌ನ ಡ್ರೈನ್ ಬೋಲ್ಟ್ ಬಿಚ್ಚುತ್ತಿದ್ದೆ. ಎಣ್ಣೆ ಬದಲಾಯಿಸಿ ಎರಡು ವರ್ಷ ಆಗಿತ್ತು, ಅದು ಬಿಟ್ಟರೆ ಬೇರೆ ಕಾರಣ ಇರಲಿಲ್ಲ.

ಬೋಲ್ಟ್ ಕೊನೆಯ ಸುತ್ತು ಬಿಟ್ಟಾಗ ಮೊದಲು ಸುರಿದದ್ದು ನೀರು! ಒಂದು ಸಣ್ಣ ಲೋಟದಷ್ಟು, ತುಕ್ಕಿನ ಬಣ್ಣದ್ದು. ಗಾಡಿ ನಾಲ್ಕು ದಿನ ನಿಂತಿತ್ತಲ್ಲ, ನೀರು ತಳಕ್ಕೆ ಇಳಿದು ಕೂತಿತ್ತು. ಅದರ ಹಿಂದೆಯೇ ಎಣ್ಣೆ ಬಂತು. ಗಟ್ಟಿಯಾಗಿ, ನೊರೆ ನೊರೆಯಾಗಿ, ಹಾಲು ಜಾಸ್ತಿ ಆದ ಕಾಫಿಯ ಬಣ್ಣದಲ್ಲಿ. ಕಣದಲ್ಲಿ ಮೆಣಸು ಹರವುತ್ತಿದ್ದ ಅಮ್ಮ ಬಂದು ಬೇಸಿನ್ ಬಗ್ಗಿ ನೋಡಿದರು. "ಇದಕ್ಕೆ ಬೆಲ್ಲ ಹಾಕಿದ್ದೀಯಾ?" ಅಂದು ಹೋದರು.

ಡ್ರೈನ್ ಬೋಲ್ಟಿನ ತುದಿಯ ಅಯಸ್ಕಾಂತ ಒರೆಸಿ ನೋಡಿದೆ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇತ್ತು, ಚೂರುಗಳಿರಲಿಲ್ಲ. ಚೂರು ಸಿಕ್ಕಿದ್ದರೆ ಗೇರಿನ ಹಲ್ಲೋ ಬೇರಿಂಗೋ ಹೋಗಿದೆ ಎಂದರ್ಥ. ಪೇಸ್ಟ್ ಮಾತ್ರ ಇದ್ದರೆ ಮಾಮೂಲಿ ಸವೆತ. ಸ್ವಲ್ಪ ಉಸಿರು ಬಂತು.

ಗಾಡಿ 1998ರ ಜಿಪ್ಸಿ ಕಿಂಗ್. 1298 ಸಿಸಿ ಕಾರ್ಬ್ಯುರೇಟರ್ ಇಂಜಿನ್, ನಾಲ್ಕೂ ಮೂಲೆಗೆ ಪಟ್ಟಿ ಸ್ಪ್ರಿಂಗ್. ಮಾರುತಿಯವರು 1985ರಲ್ಲಿ ಜಿಪ್ಸಿ ತಂದಾಗ 970 ಸಿಸಿ ಇಂಜಿನ್ ಇತ್ತು. ಕಿಂಗ್ ಬಂದದ್ದು 1996ರಲ್ಲಿ, ಉತ್ಪಾದನೆ ನಿಂತದ್ದು 2019ರ ಹೊತ್ತಿಗೆ. ಸೇನೆಯವರು, ಪೊಲೀಸರು ಅಷ್ಟು ವರ್ಷ ಓಡಿಸಿದ ಗಾಡಿಯಾದ್ದರಿಂದ ಬಿಡಿಭಾಗಕ್ಕೆ ಇನ್ನೂ ಪರದಾಟ ಇಲ್ಲ. ಅಪ್ಪ ಇದನ್ನು ಸೆಕೆಂಡ್ ಹ್ಯಾಂಡ್ ತಗೊಂಡಾಗ ನಾನು ಹೈಸ್ಕೂಲು. ನಾಪೋಕ್ಲಿನಿಂದ ಕಕ್ಕಬ್ಬೆ ಕಡೆಗೆ ಹೋಗುವಾಗ ಒಳಗೆ ಸಿಗುವ ಮನೆ ನಮ್ಮದು. ಮನೆಗೂ ಮೇಲಿನ ತೋಟಕ್ಕೂ ನಡುವೆ ಒಂದು ತೋಡು. ಸೇತುವೆ ಇಲ್ಲ. ಗೊಬ್ಬರ ಹೋಗುವುದು, ಕಾಫಿ ಬರುವುದು, ಎಲ್ಲ ಆ ನೀರಿನ ಮೇಲೆಯೇ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟು, ಜುಲೈಯಲ್ಲಿ ಬಂಪರ್ ಮುಟ್ಟುವಷ್ಟು.

ನೀರು ಒಳಗೆ ಹೋದದ್ದು ಹೇಗೆ ಅಂತ ಪತ್ತೆ ಮಾಡಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಆಕ್ಸಲ್ ಕೊಳವೆಯ ಮೇಲೆ ಕಿರುಬೆರಳಿನ ಉಗುರಿನಷ್ಟು ದೊಡ್ಡ ಒಂದು ಟೊಪ್ಪಿ ಇರುತ್ತದೆ. ಅದೇ ಬ್ರೀದರ್, ಒಳಗಿನ ಗಾಳಿ ಆಡುವ ದಾರಿ. ನಮ್ಮದು ಕೆಂಪು ಮಣ್ಣು, ತುಕ್ಕು ಸೇರಿ ಕಲ್ಲಾಗಿತ್ತು. ಬಿಚ್ಚಿ, ತೊಳೆದು, ಬಾಯಿಗಿಟ್ಟು ಊದಿದೆ. ಕೆನ್ನೆ ಉಬ್ಬಿತೇ ಹೊರತು ಗಾಳಿ ಹೋಗಲಿಲ್ಲ.

ಲೋಡ್ ಹೊತ್ತು ಗಾಡಿ ಗುಡ್ಡ ಹತ್ತಿ ಇಳಿದರೆ ಡಿಫರೆನ್ಶಿಯಲ್ ಕೈ ಇಡಲಾರದಷ್ಟು ಬಿಸಿಯಾಗುತ್ತದೆ. ಅದೇ ಬಿಸಿಯಲ್ಲಿ ತೋಡಿಗೆ ಇಳಿಸುತ್ತೇವೆ. ಒಳಗಿನ ಗಾಳಿ 70 ಡಿಗ್ರಿಯಿಂದ 20 ಡಿಗ್ರಿಗೆ ಇಳಿಯಿತು ಅಂದುಕೊಳ್ಳಿ. ಅದು ಸುಮಾರು ಏಳನೇ ಒಂದು ಭಾಗ ಕುಗ್ಗುತ್ತದೆ. ಒಳಗೆ ಮೂರು ಲೀಟರ್ ಗಾಳಿ ಇದ್ದರೆ ಹೆಚ್ಚುಕಡಿಮೆ ನಾನೂರು ಮಿಲಿಲೀಟರ್ ಜಾಗ ಖಾಲಿ. ಆ ಜಾಗ ತುಂಬಲೇಬೇಕು. ಬ್ರೀದರ್ ತೆರೆದಿದ್ದು ನೀರಿನ ಮೇಲಿದ್ದರೆ ಗಾಳಿ ಬಂದು ತುಂಬುತ್ತದೆ. ಕಟ್ಟಿಕೊಂಡಿದ್ದರೆ ಸೀಲಿನ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಸೀಲಿನ ತುಟಿ ಒಳಗಿನ ಎಣ್ಣೆಯನ್ನು ತಡೆಯಲು ತಿರುಗಿಸಿಟ್ಟದ್ದು. ಹೊರಗಿನಿಂದ ಬರುವ ನೀರಿಗೆ ಅದು ಅರ್ಧ ತೆರೆದ ಬಾಗಿಲು.

ಗಾಡಿ ಮಾತು ಎತ್ತಿದರೆ ಸಾಕು, ಗೆಳೆಯರೆಲ್ಲ ವಿಂಚ್ ಹಾಕು, ನಾಲ್ಕು ಇಂಚು ಎತ್ತರಿಸು, ದೊಡ್ಡ ಟೈರ್ ಹಾಕು ಅನ್ನುತ್ತಾರೆ. ನೋಡಲು ಚೆಂದವೇ. ಆದರೆ ಆರ್‌ಸಿಯಲ್ಲಿ ಬರೆದಿರುವುದಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ನನ್ನ ಗಾಡಿಗೆ 15 ವರ್ಷ ದಾಟಿ ಎಷ್ಟೋ ಆಯಿತು, ಐದೈದು ವರ್ಷಕ್ಕೊಮ್ಮೆ ಮತ್ತೆ ಆರ್‌ಸಿ ಮಾಡಿಸಬೇಕು. ಎತ್ತರಿಸಿದ ಗಾಡಿ ತಗೊಂಡು ಹೋಗಿ ಇನ್‌ಸ್ಪೆಕ್ಟರ್ ಮುಂದೆ ಹಲ್ಲು ಕಿರಿಯುವ ಆಸೆ ನನಗಿಲ್ಲ. ನಿಜ ಹೇಳಬೇಕೆಂದರೆ, ನಮ್ಮ ಕಡೆ ಗಾಡಿ ಸಾಯುವುದು ಬಂಡೆಯಿಂದಲ್ಲ, ನೀರಿನಿಂದ. ಹಾಗಾಗಿ ಈ ಬೇಸಿಗೆಯ ದುಡ್ಡೆಲ್ಲ ಕಣ್ಣಿಗೆ ಕಾಣದ ಜಾಗಕ್ಕೇ ಹೋಯಿತು.

ನನ್ನ ವರ್ಕ್‌ಶಾಪ್ ಅಂದರೆ ಕಣದ ಪಕ್ಕದ ಹಳೆ ಗೋದಾಮು. ನೆಲ ಮಣ್ಣಿನದು. ಜ್ಯಾಕ್ ಮಣ್ಣಿಗೆ ಇಳಿಯದಿರಲು ಎರಡು ಅಡಿ ಚೌಕದ ಹಲಸಿನ ಹಲಗೆ ಇದೆ. ಮೊದಲು ಸಿಲ್ವರ್ ಓಕ್ ದಿಮ್ಮಿಗಳ ಮೇಲೆ ಗಾಡಿ ನಿಲ್ಲಿಸುತ್ತಿದ್ದೆ. ಒಂದು ಸಲ ದಿಮ್ಮಿ ನಾನು ನೋಡುತ್ತಿದ್ದ ಹಾಗೆಯೇ ಉದ್ದಕ್ಕೆ ಸೀಳಿತು. ಅವತ್ತೇ ನಾಲ್ಕು ಕಬ್ಬಿಣದ ಸ್ಟ್ಯಾಂಡ್ ತಂದೆ.

ಮೊದಲು ಹಿಂದಿನ ಡಿಫರೆನ್ಶಿಯಲ್ ತೊಳೆದೆ. ಒಂದು ಲೀಟರ್ ಡೀಸೆಲ್ ಹಾಕಿ, ಚಕ್ರ ಎತ್ತಿ ಕೈಯಿಂದ ತಿರುಗಿಸಿ, ಬಸಿದು, ರಾತ್ರಿಯಿಡೀ ಬೋಲ್ಟ್ ತೆಗೆದೇ ಬಿಟ್ಟೆ. ಎರಡು ಸಲ ಹೀಗೆ. ಆಮೇಲೆ ಜಿಎಲ್-5 ಗೇರ್ ಆಯಿಲ್, ಸುಮಾರು ಒಂದೂವರೆ ಲೀಟರ್ ಹಿಡಿಯಿತು. ಹೊಸದಾಗಿ ಕೈ ಹಾಕುವವರಿಗೆ ಒಂದು ಮಾತು: ಬಸಿಯುವ ಬೋಲ್ಟಿಗಿಂತ ಮೊದಲು ತುಂಬುವ ಬೋಲ್ಟ್ ಬಿಚ್ಚಿ ನೋಡಿ. ಎಣ್ಣೆ ಎಲ್ಲ ಚೆಲ್ಲಿದ ಮೇಲೆ ಮೇಲಿನ ಬೋಲ್ಟ್ ಬರುವುದಿಲ್ಲ ಅಂತ ಗೊತ್ತಾದರೆ ಗಾಡಿ ಅಲ್ಲೇ ಕೂತಿರುತ್ತದೆ. ಇನ್ನೊಂದು, ಗೇರ್‌ಬಾಕ್ಸಿಗೆ ಜಿಎಲ್-4 ಸಾಕು. ಅದರೊಳಗೆ ಹಿತ್ತಾಳೆಯ ಸಿಂಕ್ರೋ ಉಂಗುರಗಳಿವೆ. ಜಿಎಲ್-5ರಲ್ಲಿರುವ ಗಂಧಕ ಅದಕ್ಕೆ ಒಳ್ಳೆಯದಲ್ಲ.

ಇನ್ನು ಬ್ರೀದರ್. ಹಳೆ ಟೊಪ್ಪಿ ಜೇಬಿಗೆ ಹಾಕಿಕೊಂಡು ಗೋಣಿಕೊಪ್ಪಲಿನ ಒಂದು ಲೇತ್ ಅಂಗಡಿಗೆ ಹೋದೆ. ಅದೇ ಥ್ರೆಡ್ಡಿನ, ಮೇಲ್ಗಡೆ ಪೈಪ್ ಸಿಕ್ಕಿಸಲು ಬರುವ ಎರಡು ಹಿತ್ತಾಳೆ ನಿಪ್ಪಲ್ ಮಾಡಿಕೊಟ್ಟರು, ಮುಂದಕ್ಕೊಂದು ಹಿಂದಕ್ಕೊಂದು. ಪೈಪಿಗೆ ಕೆಲವರು ಗಾರೆ ಕೆಲಸದ ಲೆವೆಲ್ ಪೈಪ್ ಹಾಕುತ್ತಾರೆ. ಅಗ್ಗ, ಒಳಗಿನದು ಕಾಣುತ್ತದೆ. ಆದರೆ ಸೈಲೆನ್ಸರ್ ಬಿಸಿಗೆ ಒಂದೇ ವರ್ಷದಲ್ಲಿ ಗಟ್ಟಿಯಾಗಿ ಒಡೆಯುತ್ತದೆ. ನಾನು ಪೆಟ್ರೋಲ್ ಪೈಪನ್ನೇ ತಂದೆ, ಎಣ್ಣೆ ಹಬೆಗೆ ಅದು ತಡೆಯುತ್ತದೆ.

ಪೈಪ್ ಹಾಕುವಾಗ ಒಂದು ತಪ್ಪು ಮಾಡಿದೆ. ಗಾಡಿ ಚಕ್ರದ ಮೇಲೆ ನಿಂತಿದ್ದಾಗಲೇ ಅಳತೆ ತಗೊಂಡು ಕತ್ತರಿಸಿದೆ. ಎಲ್ಲ ನೀಟಾಗಿ ಕಟ್ಟಿ, ಚಾಸಿಗೆ ಜ್ಯಾಕ್ ಕೊಟ್ಟು ಎತ್ತಿದೆ. ಆಕ್ಸಲ್ ಕೆಳಗೆ ಜೋತು ಬಿತ್ತು, ಪೈಪ್ ತಂತಿ ಥರ ಬಿಗಿದು ನಿಪ್ಪಲ್‌ನಿಂದ ಟಪ್ ಅಂತ ಕಿತ್ತು ಬಂತು. ಗುಂಡಿಯಲ್ಲಿ ಒಂದು ಚಕ್ರ ಇಳಿದಾಗ ಆಗುವುದೂ ಇದೇ. ಸರಿ, ಮತ್ತೆ ಅಂಗಡಿಗೆ. ಈ ಸಲ ಆಕ್ಸಲ್ ಪೂರ್ತಿ ಜೋತುಬಿದ್ದಾಗ ಅಳೆದು, ಮೇಲೊಂದು ಗೇಣು ಬಿಟ್ಟೆ. ಬ್ರೇಕ್ ಪೈಪಿನ ಜೊತೆಗೇ ಸಾಗಿಸಿದೆ, ಅದರ ಓಟಕ್ಕೆ ಕಂಪನಿಯವರೇ ಲೆಕ್ಕ ಹಾಕಿರುತ್ತಾರಲ್ಲ. ಮುಂದಿನದರ ತುದಿ ಬಾನೆಟ್ ಒಳಗೆ ಬ್ಯಾಟರಿಗಿಂತ ಮೇಲೆ. ಹಿಂದಿನದು ಬಾಡಿಯ ಒಳಗೆ, ಟೈಲ್ ಲ್ಯಾಂಪಿನ ಹಿಂದೆ. ಎರಡರ ತುದಿಯನ್ನೂ ಕೆಳಮುಖ ಬಗ್ಗಿಸಿ ಒಂದೊಂದು ಬೈಕಿನ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿದೆ, ಕಣಜ ಗೂಡು ಕಟ್ಟದಿರಲಿ ಅಂತ. ಈಗ ನೀರು ಬ್ರೀದರ್‌ಗೆ ಮುಟ್ಟಬೇಕೆಂದರೆ ನಾನು ಸೀಟಿನಲ್ಲಿ ಈಜುತ್ತಿರಬೇಕು.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಮುಂದಿನ ಎಡ ಚಕ್ರದ ಒಳಗಡೆ ಕಪ್ಪು ಜಿಡ್ಡು ಸೋರಿ ಟೈರಿನ ಪಕ್ಕೆಗೆ ಹತ್ತಿತ್ತು. ಜೊತೆಗೆ, ಕುಶಾಲನಗರ ದಾಟಿ ಮೈಸೂರು ಕಡೆ ನೇರ ರಸ್ತೆಯಲ್ಲಿ 55 ಕಿಲೋಮೀಟರ್ ವೇಗಕ್ಕೆ ಬಂದ ಕೂಡಲೇ ಸ್ಟಿಯರಿಂಗ್ ಜ್ವರ ಬಂದವರ ಥರ ನಡುಗುತ್ತಿತ್ತು. ವೀಲ್ ಬ್ಯಾಲೆನ್ಸ್ ಎರಡು ಸಲ ಮಾಡಿಸಿದ್ದೆ. ಎರಡೂ ಕಾಯಿಲೆಗೆ ಮೂಲ ಒಂದೇ ಜಾಗ, ನಕಲ್, ಅಂದರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲು.

ಜಿಪ್ಸಿಯ ಮುಂದಿನ ಆಕ್ಸಲ್ ತುದಿಯಲ್ಲಿ ತೆಂಗಿನಕಾಯಿಗಿಂತ ಸಣ್ಣ ಒಂದು ಕಬ್ಬಿಣದ ಗುಂಡು ಇದೆ. ಚಕ್ರ ತಿರುಗುವುದು ಆ ಗುಂಡಿನ ಸುತ್ತ, ಮೇಲೊಂದು ಕೆಳಗೊಂದು ಕಿಂಗ್‌ಪಿನ್ ಮೇಲೆ. ಗುಂಡನ್ನು ಒಂದು ರಬ್ಬರ್ ಸೀಲ್, ಒಂದು ಫೆಲ್ಟ್ ಒರೆಸುತ್ತಾ ಇರುತ್ತವೆ. ಒಳಗೆ ಗ್ರೀಸ್. ಇನ್ನೂ ಒಳಗೆ, ಆಕ್ಸಲ್ ಕೊಳವೆಯ ಬಾಯಲ್ಲಿ ಇನ್ನೊಂದು ಸಣ್ಣ ಸೀಲ್. ಅದು ಹೋದರೆ ಡಿಫರೆನ್ಶಿಯಲ್ ಎಣ್ಣೆ ನಕಲ್‌ಗೆ ಹರಿದು, ಗ್ರೀಸ್ ಕರಗಿಸಿ, ಹೊರಗಿನ ಸೀಲಿನಿಂದ ಸೋರುತ್ತದೆ. ಜನ ಹೊರಗಿನದನ್ನು ಮಾತ್ರ ಬದಲಾಯಿಸಿ, ಮತ್ತೆ ಸೋರಿತು ಅಂತ ಬೈಯುತ್ತಾರೆ.

ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಒಂದು ಮಧ್ಯಾಹ್ನ ಸುತ್ತಿ ಎರಡೂ ಕಡೆಗೆ ಬೇರಿಂಗ್, ಸೀಲ್, ಫೆಲ್ಟ್, ಶಿಮ್ ಎಲ್ಲ ತಂದೆ. ಹಬ್ ನಟ್ಟಿಗೆ ಬೇಕಾದ ದೊಡ್ಡ ಸಾಕೆಟ್ಟೂ ಸಿಕ್ಕಿತು. ಅದಿಲ್ಲದೆ ಉಳಿ, ಸುತ್ತಿಗೆಯಲ್ಲಿ ಬಿಚ್ಚುವ ಪದ್ಧತಿ ನಮ್ಮ ಕಡೆ ಇದೆ. ನನ್ನ ನಟ್ಟಿನ ಮೇಲೆ ಆ ಏಟುಗಳ ಚರಿತ್ರೆಯೇ ಇತ್ತು.

ಶನಿವಾರ ಬೆಳಿಗ್ಗೆ ಎಡ ಚಕ್ರ ಬಿಚ್ಚಿದೆ. ಬ್ರೇಕ್ ಕ್ಯಾಲಿಪರನ್ನು ತಂತಿ ಕಟ್ಟಿ ಸ್ಪ್ರಿಂಗಿಗೆ ನೇತು ಹಾಕಿದೆ. ಪೈಪಿನ ಮೇಲೆ ಭಾರ ಬಿಡಬಾರದು. ಹಬ್, ಸ್ಪಿಂಡಲ್, ಆಕ್ಸಲ್ ಶಾಫ್ಟ್ ಒಂದೊಂದಾಗಿ ಹೊರಗೆ. ಒಳಗೆ ಗ್ರೀಸ್ ಅನ್ನುವುದು ಇರಲೇ ಇಲ್ಲ, ಕೆಸರುಗದ್ದೆಯ ನೀರು ಇತ್ತು. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಒಳಸೀಲ್ ಹಾಕುವ ಬದಲು ಸಿಲಿಕೋನ್ ಬಳಿದು ಕೈ ತೊಳೆದುಕೊಂಡಿದ್ದರು. ಅದು ಬಬಲ್ ಗಮ್ ಥರ ಸುರುಳಿಯಾಗಿ ಬಂತು.

ಕೆಳಗಿನ ಕಿಂಗ್‌ಪಿನ್ ತೆಗೆಯುವಾಗ ಕೈ ಕೊಟ್ಟಿರಿ, ಬೇರಿಂಗ್ ನೇರ ನೆಲಕ್ಕೆ ಬೀಳುತ್ತದೆ. ನನ್ನದು ಬಿತ್ತು. ಹಳೆಯದು ತಾನೇ, ಪರವಾಗಿಲ್ಲ. ಒರೆಸಿ ಬೆಳಕಿಗೆ ಹಿಡಿದಾಗ ನಡುಕದ ಕಾರಣ ಸಿಕ್ಕಿತು. ಬೇರಿಂಗಿನ ಹೊರ ಬಳೆಯ ಒಳಮೈಯಲ್ಲಿ ಸಾಲಾಗಿ ಸಣ್ಣ ಸಣ್ಣ ಗೆರೆಗುಳಿ. ಉಗುರು ಎಳೆದರೆ ರಾಗಿ ಕಲ್ಲಿನ ಮುಳ್ಳಿನ ಥರ ಕಟ ಕಟ ಅನ್ನುತ್ತದೆ. ಬಹುಪಾಲು ನೇರ ಓಡುವ ಚಕ್ರ, ರೋಲರ್‌ಗಳು ಒಂದೇ ಜಾಗದಲ್ಲಿ ಗುದ್ದಿ ಗುದ್ದಿ ಗುಳಿ ಮಾಡಿಕೊಂಡಿವೆ. ಜೊತೆಗೆ ನೀರು, ತುಕ್ಕು.

ಗುಂಡಿನ ಮೇಲೂ ತುಕ್ಕಿನ ಕುಳಿಗಳಿದ್ದವು. ಹಾಗೇ ಬಿಟ್ಟರೆ ಹೊಸ ಸೀಲನ್ನು ಅರದ ಥರ ಉಜ್ಜಿ ತಿನ್ನುತ್ತದೆ. ತಂತಿ ಬ್ರಷ್, ಆಮೇಲೆ ಎಮರಿ, ಕುಳಿಗಳಿಗೆ ಎಪಾಕ್ಸಿ ಮೆತ್ತಿ ಒಂದು ದಿನ ಒಣಗಲು ಬಿಟ್ಟು, ಮತ್ತೆ ನೀರೆಮರಿಯಲ್ಲಿ ನಯ ಮಾಡಿದೆ. ಬೆರಳಿಗೆ ಏನೂ ತಗಲದ ಹಾಗಾಗುವಷ್ಟರಲ್ಲಿ ಭಾನುವಾರವೂ ಮುಗಿಯಿತು. ನಡುವೆ ಎರಡು ಗಂಟೆ ಕರೆಂಟ್ ಇಲ್ಲ, ಹೆಡ್ ಟಾರ್ಚಿಗೆ ದೀಪದ ಹುಳಗಳೆಲ್ಲ ಬಂದು ಎಪಾಕ್ಸಿಗೆ ಅಂಟಿದವು. ಒಂದು ರೆಕ್ಕೆ ಈಗಲೂ ಆ ಗುಂಡಿನಲ್ಲಿದೆ.

ಇನ್ನು ಜೋಡಿಸುವ ಕೆಲಸ. ದೊಡ್ಡ ಸೀಲ್ ಇಡೀ ಉಂಗುರ. ನಕಲ್ ಕೂರಿಸುವ ಮೊದಲೇ ಅದನ್ನು ಗುಂಡಿನ ಹಿಂದೆ ದಾಟಿಸಿರಬೇಕು. ಮರೆತರೆ ಮತ್ತೆ ಎಲ್ಲ ಬಿಚ್ಚಬೇಕು. (ಬಲಗಡೆ ಮರೆತೆ.)

ಕಿಂಗ್‌ಪಿನ್ ಅಡಿಯ ತೆಳು ತಗಡೇ ಶಿಮ್. ಶಿಮ್ ತೆಗೆದರೆ ಬೇರಿಂಗ್ ಬಿಗಿಯಾಗುತ್ತದೆ, ಸೇರಿಸಿದರೆ ಸಡಿಲ. ಎಷ್ಟು ಬಿಗಿ ಇರಬೇಕು ಅನ್ನುವುದಕ್ಕೆ ಸುಜುಕಿಯ ಮ್ಯಾನುವಲ್‌ನಲ್ಲಿ ಲೆಕ್ಕ ಇದೆ. ಟೈ ರಾಡ್ ಸೇರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದಾಗ, ನಕಲ್ ಅಲುಗುವ ಹೊತ್ತಿಗೆ ಮುಳ್ಳು 1ರಿಂದ 1.8 ಕೆಜಿ ನಡುವೆ ಇರಬೇಕು. ನಮ್ಮ ಮನೆಯ ದೊಡ್ಡ ತಕ್ಕಡಿ ಹಂದಿ ತೂಗುವುದಕ್ಕೆ ಸರಿ, ಇದಕ್ಕಲ್ಲ. ಅಪ್ಪ ಮೆಣಸು ತೂಗುವ ಐದು ಕೆಜಿ ತಕ್ಕಡಿ ಕೇಳಿದೆ. ಗ್ರೀಸ್ ಮಾಡದೆ ವಾಪಸ್ ಕೊಡಬೇಕೆಂದು ಮಾತು ತಗೊಂಡು ಕೊಟ್ಟರು.

ಮುಳ್ಳು ಎರಡೂವರೆ ತೋರಿಸಿತು. ಬಿಗಿ ಜಾಸ್ತಿ ಅಂತ ಒಂದು ಶಿಮ್ ಸೇರಿಸಿದೆ. ಇನ್ನೊಂದು ಸೇರಿಸಿದೆ. ಮುಳ್ಳು ಒಂದೂವರೆಗೆ ಬಂತು. ಎಂಥ ಕೆಲಸಗಾರ ನಾನು ಅಂದುಕೊಂಡೆ. ಬಲಗಡೆಯೂ ಹಾಗೇ ಮಾಡಿ, ಕಪ್ಪು ಮಾಲಿಬ್ಡಿನಂ ಗ್ರೀಸ್ ತುಂಬಿ, ಎಲ್ಲ ಕಟ್ಟಿ, ಮೂರನೇ ದಿನ ಕುಶಾಲನಗರಕ್ಕೆ ಓಡಿಸಿದೆ. 50, 52, 55. ಸ್ಟಿಯರಿಂಗ್ ನಡುಗಿತು. ಮೊದಲಿಗಿಂತ ಒಂದು ಕೈ ಜಾಸ್ತಿಯೇ.

ರಸ್ತೆ ಬದಿ ನಿಲ್ಲಿಸಿ ಕಬ್ಬಿನ ಹಾಲು ಕುಡಿಯುತ್ತಾ ಫೋನಿನಲ್ಲಿ ಮ್ಯಾನುವಲ್‌ನ ಪುಟ ಮತ್ತೆ ತೆಗೆದೆ. ಅಲ್ಲಿ ಮೂರು ಪದ ಇತ್ತು, ನಾನು ಹಾರಿಸಿ ಓದಿದ್ದು: ಸೀಲ್ ಇಲ್ಲದೆ ಅಳೆಯಿರಿ. ನಾನು ಹೊಸ ಸೀಲ್, ಹೊಸ ಫೆಲ್ಟ್ ಬಿಗಿದ ಮೇಲೆ ಅಳೆದಿದ್ದೆ. ಮುಳ್ಳು ತೋರಿಸಿದ ಒಂದೂವರೆಯಲ್ಲಿ ಹೆಚ್ಚಿನದು ಸೀಲಿನ ತಿಕ್ಕಾಟವೇ. ಬೇರಿಂಗಿಗೆ ಬಿಗಿಯೇ ಇಲ್ಲ.

ಮನೆಗೆ ಬಂದು ಸೀಲಿನ ತಗಡಿನ ಎಂಟು ಬೋಲ್ಟ್ ಬಿಚ್ಚಿ, ಸೀಲನ್ನು ಹಿಂದಕ್ಕೆ ಸರಿಸಿ ಎಳೆದೆ. ಮುಳ್ಳು ಅರ್ಧ ಕೆಜಿ ಮುಟ್ಟುವ ಮೊದಲೇ ನಕಲ್ ತಿರುಗಿತು. ಸೇರಿಸಿದ್ದ ಎರಡು ಶಿಮ್ಮನ್ನೂ ತೆಗೆದೆ, ಅಂದರೆ ಮೊದಲು ಇದ್ದದ್ದೇ ಸರಿ. ಈಗ 1.6. ಬಲಗಡೆ 1.4. ಮತ್ತೆ ಕುಶಾಲನಗರ. 55, 60, 70. ಒಂದು ಕೈಯಲ್ಲಿ ಹಿಡಿದರೂ ಗಾಡಿ ಗೆರೆ ಬಿಡಲಿಲ್ಲ. ತಕ್ಕಡಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿಯೇ ಕೊಟ್ಟೆ. ಆದರೂ ಆ ವಾರದ ಮೆಣಸಿಗೆ ಪೆಟ್ರೋಲ್ ಬಂಕ್ ವಾಸನೆ ಇತ್ತು ಅಂತ ಅಪ್ಪ ಇನ್ನೂ ಹೇಳುತ್ತಾರೆ.

ಸಣ್ಣಪುಟ್ಟ ಕೆಲಸ ಬೇಗ ಮುಗಿಯಿತು. ಚಾಸಿಯ ನೀರು ಹರಿಯುವ ತೂತುಗಳಲ್ಲಿ ಮಣ್ಣು ಗಿಡಿದಿತ್ತು, ಕೊಡೆಯ ಕಡ್ಡಿಯಿಂದ ಚುಚ್ಚಿ ತೆಗೆದೆ. ಹಿಂದಿನ ಸ್ಪ್ರಿಂಗ್ ಹ್ಯಾಂಗರ್ ಹತ್ತಿರ ತುಕ್ಕು ಕೆರೆದು ಝಿಂಕ್ ಪ್ರೈಮರ್ ಹೊಡೆದೆ. ಹಳೆ ಇಂಜಿನ್ ಆಯಿಲ್ ಬಳಿಯುವುದು ನಮ್ಮ ಕಡೆಯ ಹಳೇ ರೂಢಿ. ತುಕ್ಕು ತಡೆಯುತ್ತದೆ, ಸುಳ್ಳಲ್ಲ. ಆದರೆ ರಬ್ಬರ್ ಬುಷ್‌ಗಳು ಊದಿಕೊಳ್ಳುತ್ತವೆ, ಮೊದಲ ಮಳೆಗೆ ಎಣ್ಣೆಯೆಲ್ಲ ತೋಡಿನ ನೀರಿನ ಮೇಲೆ ಬಣ್ಣ ಬಣ್ಣವಾಗಿ ತೇಲುತ್ತದೆ. ಆ ನೀರು ಹೋಗಿ ಸೇರುವುದು ಕಾವೇರಿಗೆ. ನಾನು ಅದನ್ನು ಬಿಟ್ಟೆ. ಒಟ್ಟು ಖರ್ಚು ಎರಡು ಒಳ್ಳೆ ಟೈರಿನ ಬೆಲೆ ದಾಟಲಿಲ್ಲ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಜುಲೈ, ಕಕ್ಕಡ ತಿಂಗಳು ಪೂರ್ತಿ, ಹಿಂದಿನ ಚಕ್ರಕ್ಕೆ ಸರಪಳಿ ಸುತ್ತಿಯೇ ಓಡಿಸಿದೆ. ದಿನಕ್ಕೆ ಎರಡು ಸಲ ತೋಡು. ಎರಡು ಸಲ ನೀರು ಹೆಡ್‌ಲೈಟ್ ಮುಟ್ಟಿತು, ಆಗ ಫ್ಯಾನ್ ಬೆಲ್ಟ್ ಬಿಚ್ಚಿಟ್ಟು ನಿಧಾನಕ್ಕೆ ದಾಟಿಸಿದೆ. ಒಂದು ಸಲ ನಡುನೀರಿನಲ್ಲಿ ಆಫ್ ಆಯಿತು. ಡಿಸ್ಟ್ರಿಬ್ಯೂಟರ್ ಒಳಗೆ ನೀರು. ಬಟ್ಟೆಯಲ್ಲಿ ಒರೆಸಿ ಸ್ಟಾರ್ಟ್ ಮಾಡುವಷ್ಟರಲ್ಲಿ ಎರಡೂ ಕಾಲಿಗೆ ಜಿಗಣೆ.

ಕೈಲ್‌ ಮುಹೂರ್ತದ ದಿನ (ಕೊಡಗಿನ ಆಯುಧ ಪೂಜೆಯ ಹಬ್ಬ) ನೆಲ್ಲಕ್ಕಿಯಲ್ಲಿ, ಅಂದರೆ ನಡುಮನೆಯಲ್ಲಿ, ಕೋವಿ, ಕತ್ತಿಯ ಜೊತೆ ನನ್ನ 17ರ ರಿಂಗ್ ಸ್ಪ್ಯಾನರನ್ನೂ ಇಟ್ಟೆ. ಅದಕ್ಕೂ ಒಂದು ತೋಕ್ ಹೂ ಸಿಕ್ಕಿಸಿದರು ಅಮ್ಮ. ಕಡಂಬಿಟ್ಟು, ಪಂದಿ ಕರಿ ಹೊಟ್ಟೆ ತುಂಬ ತಿಂದು, ಮಾರನೇ ದಿನ ಮತ್ತೆ ಗಾಡಿಯ ಅಡಿಗೆ.

ಹಿಂದಿನ ಡಿಫರೆನ್ಶಿಯಲ್: ಜೇನಿನ ಬಣ್ಣ, ಹಾಕಿದ ಹಾಗೇ. ಮುಂದಿನದು: ಒಂಚೂರು ಕಪ್ಪು, ನೀರಿಲ್ಲ. ಎಡ ನಕಲ್ ಒಣಗಿದೆ, ಬಲಗಡೆ ತೆಳ್ಳಗೆ ಜಿಡ್ಡು, ಅದು ಫೆಲ್ಟಿನದೇ. ಖುಷಿಯಲ್ಲಿ ಇದ್ದಬದ್ದದ್ದೆಲ್ಲ ನೋಡಿಬಿಡೋಣ ಅಂತ, ಮುಂದಕ್ಕೂ ಹಿಂದಕ್ಕೂ ಇಂಜಿನ್ ಶಕ್ತಿ ಹಂಚುವ ನಡುವಿನ ಟ್ರಾನ್ಸ್‌ಫರ್ ಕೇಸಿನ ಬೋಲ್ಟಿಗೂ ಸ್ಪ್ಯಾನರ್ ಹಾಕಿದೆ. ಅದಕ್ಕೂ ಮೇಲ್ಗಡೆ ಒಂದು ಬ್ರೀದರ್ ಇದೆ. ಅದು ನನಗೆ ನೆನಪೇ ಇರಲಿಲ್ಲ.

ಬೇಸಿನ್ ಒಳಗೆ ಬಿದ್ದದ್ದನ್ನು ನೋಡಿ ಅಮ್ಮನನ್ನು ಕರೆಯಲಿಲ್ಲ. ಹಾಲು ಈ ಸಲ ಕಡಿಮೆ ಇತ್ತು.